ನೀತಾಳಿಗೆ ಅತ್ತವರು, ಗೀತಾಳ ಹಾಗೆ ಬದುಕಿದವರು

ಹೋದ ತಿಂಗಳು ನಮ್ಮ ಮನೆಯಲ್ಲಿ ಒಂದು ಸಣ್ಣ ಮಾತು ಎದ್ದಿತು. ಅದು ಜಗಳ ಆಗಲಿಲ್ಲ, ಆದರೆ ಮೂರು ಭಾನುವಾರ ಮೂರು ಬಂಗಾಳಿ ಸಿನಿಮಾ ನೋಡುವಲ್ಲಿಗೆ ಹೋಗಿ ಮುಟ್ಟಿತು. ಈ ಸಲದ ಅಂಕಣ ಅದರದ್ದೇ.

ಮಾತು ಇಷ್ಟು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ನನ್ನ ಮಗಳಿಗೆ ಸಂಬಳ ಚೆನ್ನಾಗಿದೆ. ಇಲ್ಲಿ ಲೇಕ್ ಮಾರ್ಕೆಟ್ ಹತ್ತಿರದ ನಮ್ಮ ಫ್ಲಾಟಿನ ಸಾಲದ ಕಂತು ಇನ್ನೂ ಆರು ವರ್ಷ ಇದೆ. ನನ್ನ ಗಂಡ ನಿವೃತ್ತರಾಗುವುದು ಅದಕ್ಕಿಂತ ಮೊದಲು. ಊಟದ ಹೊತ್ತಿನಲ್ಲಿ ನಾನು, "ಅವಳು ಹೇಗೂ ಒಬ್ಬಳೇ ಇದ್ದಾಳೆ, ಖರ್ಚೇನು ಮಹಾ, ಕಂತಿನಲ್ಲಿ ಅರ್ಧ ಅವಳೇ ಕಟ್ಟಲಿ" ಅಂದೆ. ಇವರು ತಲೆಯಾಡಿಸಿದರು. ಪಕ್ಕದಲ್ಲಿ ಮೊಸರನ್ನ ಕಲೆಸುತ್ತಿದ್ದ ನಮ್ಮ ಅತ್ತೆ ಕೈ ನಿಲ್ಲಿಸಿ, "ಪತ್ರದಲ್ಲಿ ಅವಳ ಹೆಸರಿದೆಯೇನೆ?" ಅಂತ ಕೇಳಿದಳು. ಇಲ್ಲ ಅಂದೆ. ಅತ್ತೆ ಮತ್ತೇನೂ ಹೇಳದೆ ಊಟ ಮುಗಿಸಿ ಎದ್ದಳು.

ಅತ್ತೆ ಅಂದರೆ ಗಂಡನ ತಾಯಿಯಲ್ಲ, ನನ್ನ ಸೋದರತ್ತೆ. ಅಪ್ಪನ ಅಕ್ಕ. ಈಗ ಅವಳಿಗೆ 85. ಈ ಬೀದಿಯ ಬಂಗಾಳಿಗಳಿಗೆಲ್ಲ ಅವಳು 'ಪಿಶಿಮಾ'. 1962ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಶಿವಮೊಗ್ಗದ ಕಡೆಯ ಒಂದು ಹಳ್ಳಿಯಿಂದ ಇಂಗ್ಲಿಷ್ ಟೈಪಿಂಗು, ಶಾರ್ಟ್‌ಹ್ಯಾಂಡು ಕಲಿತು, ದೂರದ ಸಂಬಂಧಿಕರೊಬ್ಬರ ಜೊತೆ ಕಲ್ಕತ್ತೆಗೆ ಬಂದವಳು. ಆಗ ಡಾಲ್‌ಹೌಸಿ ಕಡೆಯ ಆಫೀಸುಗಳಲ್ಲಿ ದಕ್ಷಿಣದವರೆಂದರೆ ಸ್ಟೆನೋ, ಅಕೌಂಟೆಂಟು ಅಂತಲೇ ಲೆಕ್ಕ. ಅವರೆಲ್ಲ ಬಂದು ನೆಲೆ ನಿಂತಿದ್ದು ಈ ಲೇಕ್ ಮಾರ್ಕೆಟ್ ಸುತ್ತಮುತ್ತ. ತಮಿಳರೇ ಹೆಚ್ಚು, ನಡುನಡುವೆ ನಮ್ಮವರು. ಇವತ್ತಿಗೂ ಕರಿಬೇವು, ಬಾಳೆಎಲೆ, ಮಲ್ಲಿಗೆ ಮೊಗ್ಗು, ಫಿಲ್ಟರ್ ಕಾಫಿಪುಡಿ ಬೇಕೆಂದರೆ ಊರಿನ ಯಾವ ಮೂಲೆಯಲ್ಲಿರುವ ದಕ್ಷಿಣದವರೂ ಇಲ್ಲಿಗೇ ಬರಬೇಕು.

ಅತ್ತೆ ಮದುವೆಯಾಗಲಿಲ್ಲ. ಮೂವತ್ತಾರು ವರ್ಷ ಪ್ರತಿ ತಿಂಗಳೂ ಊರಿಗೆ ಮನಿಯಾರ್ಡರ್ ಕಳಿಸಿದಳು. ಅದರಲ್ಲಿ ನನ್ನಪ್ಪ ಓದಿದರು, ಇಬ್ಬರು ಚಿಕ್ಕತ್ತೆಯರ ಮದುವೆಯಾಯಿತು, ಅಡಿಕೆ ತೋಟಕ್ಕೆ ಬಾವಿ ಬಂತು, ನಾನು ಡಿಗ್ರಿ ಮಾಡಿದೆ. ಮುಂದಿನದ್ದನ್ನು ಆಮೇಲೆ ಹೇಳುತ್ತೇನೆ.

ಆ ದಿನ ರಾತ್ರಿ ಅತ್ತೆ, "ಆ ನೀತಾ ಸಿನಿಮಾ ಸಿಗತ್ತಾ ನೋಡು" ಅಂದಳು. ಫೋನಿನಲ್ಲೇ ಮಗಳನ್ನು ಕೇಳಿ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸುವುದನ್ನು ಕಲಿತೆ. ಮೊದಲ ಭಾನುವಾರ ನೋಡಿದ್ದು ಋತ್ವಿಕ್ ಘಟಕ್ ಅವರ 'ಮೇಘೆ ಢಾಕಾ ತಾರಾ'. 1960ರ ಚಿತ್ರ. ದೇಶ ಇಬ್ಭಾಗವಾದಾಗ ಪೂರ್ವ ಬಂಗಾಳದಿಂದ ಬಂದ ಒಂದು ಮೇಷ್ಟರ ಸಂಸಾರ, ಕಲ್ಕತ್ತೆಯ ಅಂಚಿನ ನಿರಾಶ್ರಿತರ ಕಾಲೊನಿ. ಹಿರಿಯ ಮಗಳು ನೀತಾ ಪಾಠ ಹೇಳಿ ಮನೆ ನಡೆಸುತ್ತಾಳೆ. ಅಣ್ಣ ಶಂಕರನಿಗೆ ಸಂಗೀತದ ಹುಚ್ಚು, ತಂಗಿ ಗೀತಾಳಿಗೆ ಸೀರೆಯ ಆಸೆ, ತಮ್ಮನಿಗೆ ಆಟದ ಶೂ ಬೇಕು. ತಿಂಗಳ ಮೊದಲ ದಿನ ಅವಳ ಕೈಚೀಲಕ್ಕೆ ಎಲ್ಲರ ಕೈ. ನೀತಾ ಓದಿಸುತ್ತಿದ್ದ ಹುಡುಗ ಸನತ್ ಕಡೆಗೆ ತಂಗಿಯನ್ನೇ ಮದುವೆಯಾಗುತ್ತಾನೆ. ತಾಯಿಗೆ ಅದು ಗೊತ್ತು, ಗೊತ್ತಿದ್ದೂ ಬಿಡುತ್ತಾಳೆ. ಯಾಕೆಂದರೆ ನೀತಾಳ ಮದುವೆಯಾದರೆ ಸಂಬಳ ಮನೆ ಬಿಟ್ಟು ಹೋಗುತ್ತದೆ. ನೀತಾಳಿಗೆ ಕ್ಷಯ ಅಂಟುತ್ತದೆ. ಕೊನೆಗೆ ಶಿಲ್ಲಾಂಗಿನ ಆಸ್ಪತ್ರೆಯ ಬೆಟ್ಟದಲ್ಲಿ, ಹೆಸರು ಮಾಡಿ ಬಂದ ಅಣ್ಣ ಗೀತಾಳ ಮಗುವಿನ ತುಂಟಾಟವನ್ನು ಹೇಳುತ್ತಿರುವಾಗ, ತಾನು ಬದುಕಬೇಕೆಂದಿದ್ದೆ ಅಂತ ಅವಳು ಕೂಗಿಕೊಳ್ಳುತ್ತಾಳೆ. ಆ ಕೂಗು ಬೆಟ್ಟದಲ್ಲಿ ಸುತ್ತುತ್ತದೆ. ಸುಪ್ರಿಯಾ ಚೌಧುರಿಯ ಆ ದನಿಯನ್ನು ಬಂಗಾಳಿಗಳು ಇನ್ನೂ ಮರೆತಿಲ್ಲ.

ನಾನು ಅತ್ತೆ. ಅಂದರೆ ಕಣ್ಣೀರು ಹಾಕಿದೆ. ನಮ್ಮ ಅತ್ತೆ ಅಳಲಿಲ್ಲ. ಸಿನಿಮಾದ ಶುರುವಿನಲ್ಲಿ ನೀತಾಳ ಚಪ್ಪಲಿಯ ಪಟ್ಟಿ ಕಿತ್ತುಹೋಗುತ್ತದೆ. ಕೊನೆಯಲ್ಲಿ ಅದೇ ದಾರಿಯಲ್ಲಿ ಬೇರೊಬ್ಬ ಹುಡುಗಿಯ ಚಪ್ಪಲಿ ಕಿತ್ತುಹೋಗುತ್ತದೆ, ಅವಳೊಮ್ಮೆ ನಕ್ಕು ಕಾಲೆಳೆಯುತ್ತ ಹೋಗುತ್ತಾಳೆ. ಅತ್ತೆ ಅದನ್ನು ತೋರಿಸಿ, "ನೋಡು, ಆ ಹುಡುಗಿನೂ ಹೊಸ ಚಪ್ಪಲಿ ತಗೊಳಲ್ಲ" ಅಂದಳು ಅಷ್ಟೆ.

ಈ ಕಥೆ ನನಗೆ ಗುರುತಾಗಿದ್ದು ಬಂಗಾಳಿಯಲ್ಲಲ್ಲ, ಕನ್ನಡದಲ್ಲಿ. ಓದುವವರಲ್ಲಿ ನನ್ನ ವಯಸ್ಸಿನವರಿಗೆ 'ಬೆಂಕಿಯಲ್ಲಿ ಅರಳಿದ ಹೂವು' ನೆನಪಿದ್ದೇ ಇರುತ್ತದೆ. 1983ರದ್ದು. ಕೆ. ಬಾಲಚಂದರ್ ನಿರ್ದೇಶನ, ಸುಹಾಸಿನಿ ನಾಯಕಿ, ಕಮಲಹಾಸನ್ ಬಸ್ ಕಂಡಕ್ಟರನಾಗಿ ಒಂದು ಹಾಡಿಗೆ ಬಂದು ಹೋಗುತ್ತಾರೆ. ಬಾಲಚಂದರ್ ಅದನ್ನೇ ಮೊದಲು 1974ರಲ್ಲಿ ತಮಿಳಿನಲ್ಲಿ 'ಅವಳ್ ಒರು ತೊಡರ್ ಕದೈ' ಎಂದು ತೆಗೆದಿದ್ದರು, ಸುಜಾತಾ ನಟಿಸಿದ್ದರು. ಅದಕ್ಕೆ ಪ್ರೇರಣೆ ಘಟಕ್ ಅವರ ಈ ನೀತಾ. ಅಲ್ಲಿಂದ ತೆಲುಗಿಗೆ ಹೋಯಿತು, 1977ರಲ್ಲಿ 'ಕಬಿತಾ' ಎಂಬ ಹೆಸರಿನಲ್ಲಿ ಮಾಲಾ ಸಿನ್ಹಾ ನಾಯಕಿಯಾಗಿ ಬಂಗಾಳಿಗೇ ವಾಪಸು ಬಂತು, ಹಿಂದಿಗೂ ಹೋಯಿತು, ಕಡೆಗೆ ನಮಗೆ ಸಿಕ್ಕಿತು. ಕಲ್ಕತ್ತೆಯ ಅಂಚಿನ ಒಂದು ಹುಡುಗಿ ಇಷ್ಟು ಭಾಷೆ ಸುತ್ತಿದ್ದಾಳೆ ಅಂದರೆ, ಇಷ್ಟು ಭಾಷೆಯ ಮನೆಗಳಲ್ಲಿ ಅವಳು ಮೊದಲೇ ಇದ್ದಳು ಅಂತಲೇ ಅರ್ಥ.

ಬಾಲಚಂದರ್ ಅವಳನ್ನು ಸಾಯಿಸಲಿಲ್ಲ. ಕ್ಷಯವನ್ನೂ ಕೊಡಲಿಲ್ಲ. ಬಾಯಿ ಕೊಟ್ಟರು. ಕುಡುಕ ಅಣ್ಣನಿಗೆ ಅವಳು ಎದುರು ಮಾತಾಡುತ್ತಾಳೆ, ಕಾವಿ ಉಟ್ಟು ಮನೆಬಿಟ್ಟ ಅಪ್ಪನನ್ನೂ ಬಿಡುವುದಿಲ್ಲ. ಆದರೆ ಮದುವೆಯ ಹೊಸಿಲವರೆಗೆ ಬಂದ ಅವಳ ಬದುಕು ಮತ್ತೆ ಆಫೀಸಿನ ಬಸ್ಸಿಗೇ ಮರಳುತ್ತದೆ. ಹೆಸರುಗಳನ್ನು ಗಮನಿಸಿ. ಬಂಗಾಳಿಯವರು 'ಮೋಡ ಮುಚ್ಚಿದ ತಾರೆ' ಅಂದರು, ಅಲ್ಲಿ ಕಾಣಬೇಕಾದ್ದು ಕಾಣಲಿಲ್ಲವೆಂಬ ಸಂಕಟ ಇದೆ. ತಮಿಳಿನವರು 'ಅವಳೊಂದು ಮುಂದುವರಿಯುವ ಕಥೆ' ಅಂದರು, ಅಲ್ಲಿ ಇದು ಮುಗಿಯುವಂಥದ್ದಲ್ಲ ಎಂಬ ಸತ್ಯ ಇದೆ. ನಾವು ಕನ್ನಡದವರು 'ಬೆಂಕಿಯಲ್ಲಿ ಅರಳಿದ ಹೂವು' ಅಂದೆವು. ಚೆನ್ನಾಗಿದೆ, ಕೇಳಲು ಇಂಪಾಗಿದೆ. ಆದರೆ ಹೂವನ್ನು ಬೆಂಕಿಗೆ ಹಾಕಿದವರು ಯಾರು ಅಂತ ಆ ಹೆಸರು ಕೇಳುವುದಿಲ್ಲ. ಅರಳಿತಲ್ಲ, ಸಾಕು ಅನ್ನುತ್ತದೆ.

ಆ ಸಿನಿಮಾ ಬಂದಾಗ ನನಗೆ ಹನ್ನೊಂದು. ಅತ್ತೆ ರಜೆಗೆ ಊರಿಗೆ ಬಂದಿದ್ದಳು. ಮನೆಮಂದಿಯೆಲ್ಲ ಎತ್ತಿನಗಾಡಿ, ಬಸ್ಸು ಹಿಡಿದು ಪೇಟೆಯ ಟಾಕೀಸಿಗೆ ಹೋದೆವು. ಅಜ್ಜಿ, ಅಮ್ಮ, ಚಿಕ್ಕತ್ತೆಯರು ಸೆರಗು ಒದ್ದೆ ಮಾಡಿಕೊಂಡರು. ಹೊರಗೆ ಬಂದು ಎಲ್ಲರೂ ಅತ್ತೆಗೆ, "ಥೇಟ್ ನಿನ್ನ ಕಥೆನೇ ಕಣೆ! ನೀನು ನಮ್ಮನೆ ದೇವರು" ಅಂದರು. ಮನೆಗೆ ಬಂದ ಮೇಲೆ ಅಜ್ಜಿ ಅವಳಿಗೆ ದೃಷ್ಟಿ ತೆಗೆದರು. ಅತ್ತೆ ಸುಮ್ಮನೆ ಕೂತಿದ್ದವಳು, "ಅಷ್ಟು ಜನ ಇದ್ದರಲ್ಲ ಆ ಮನೇಲಿ, ಆಫೀಸಿಂದ ಬಂದ ಹುಡುಗೀಗೆ ಒಂದು ಲೋಟ ಕಾಫಿ ಮಾಡಿಕೊಟ್ಟರೇನೇ ಯಾರಾದರೂ?" ಅಂತ ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

'ನಮ್ಮನೆ ದೇವರು' ಅನ್ನುವ ಮಾತಿನ ಅಪಾಯವನ್ನು ಸತ್ಯಜಿತ್ ರಾಯ್ ಅದೇ 1960ರಲ್ಲಿ 'ದೇವಿ' ಚಿತ್ರದಲ್ಲಿ ತೋರಿಸಿದ್ದರು. ಹತ್ತೊಂಬತ್ತನೇ ಶತಮಾನದ ಜಮೀನ್ದಾರನೊಬ್ಬ ಕನಸು ಕಂಡು, ತನ್ನ ಎಳೆಯ ಸೊಸೆಯೇ ಕಾಳಿ ಎಂದು ಕಾಲಿಗೆ ಬೀಳುತ್ತಾನೆ. ಹದಿಹರೆಯದ ಶರ್ಮಿಳಾ ಟಾಗೋರ್ ಆ ಸೊಸೆ ದಯಾಮಯಿ. ಪೂಜೆ, ಆರತಿ, ಜನಸಾಗರ. ಕಲ್ಕತ್ತೆಯಲ್ಲಿ ಓದುತ್ತಿದ್ದ ಗಂಡ ಬಂದು ಕರೆದರೂ, ತಾನು ನಿಜವಾಗಿ ದೇವಿಯೇ ಇದ್ದರೆ ಎಂಬ ಭಯಕ್ಕೆ ಅವಳು ಹೆಜ್ಜೆ ಕಿತ್ತಿಡಲಾರಳು. ಮನೆಯ ಮಗುವಿಗೆ ಜ್ವರ ಬಂದಾಗ ವೈದ್ಯರ ಬದಲು ಅವಳ ಮಡಿಲಲ್ಲಿ ಇಡುತ್ತಾರೆ. ಮಗು ಉಳಿಯುವುದಿಲ್ಲ, ಅವಳ ಬುದ್ಧಿಯೂ ಉಳಿಯುವುದಿಲ್ಲ. ಅಲ್ಲಿ ಯಾರೂ ಅವಳಿಗೆ ಹೊಡೆಯುವುದಿಲ್ಲ, ಬೈಯುವುದಿಲ್ಲ. ಪೂಜಿಸಿಯೇ ಮುಗಿಸುತ್ತಾರೆ. ಕಾಳಿಘಾಟ್ ನಮ್ಮ ಮನೆಗೆ ಕಾಲ್ನಡಿಗೆಯ ದೂರ. ಅಲ್ಲಿಗೆ ಹೋದಾಗಲೆಲ್ಲ ನನಗೆ ಆ ಹುಡುಗಿ ನೆನಪಾಗುತ್ತಾಳೆ.

ಎರಡನೇ ಭಾನುವಾರ 'ಮಹಾನಗರ್' ನೋಡಿದೆವು. ಲೇಕ್ ಮಾರ್ಕೆಟ್ಟಿನಿಂದ ಸರೋವರದ ಕಡೆ ಸ್ವಲ್ಪ ನಡೆದರೆ ಲೇಕ್ ಟೆಂಪಲ್ ರೋಡ್ ಸಿಗುತ್ತದೆ. ಸತ್ಯಜಿತ್ ರಾಯ್ 1959ರಿಂದ 1970ರವರೆಗೆ ಆ ರಸ್ತೆಯಲ್ಲಿದ್ದರು. 1963ರ 'ಮಹಾನಗರ್', 1964ರ 'ಚಾರುಲತಾ' ಆ ವರ್ಷಗಳ ಚಿತ್ರಗಳು. ಅಂದರೆ ನಮ್ಮ ಅತ್ತೆ ಎರಡು ಬೀದಿಯಾಚೆ ಬಾಡಿಗೆ ಕೋಣೆಯಲ್ಲಿ ಅನ್ನ ಬಸಿದು, ಟ್ರಾಂ ಹಿಡಿದು ಆಫೀಸಿಗೆ ಓಡುತ್ತಿದ್ದ ದಿನಗಳಲ್ಲೇ ಆ ಮನುಷ್ಯ ಕೆಲಸಕ್ಕೆ ಹೋಗುವ ಹೆಂಗಸಿನ ಕಥೆ ಬರೆಯುತ್ತಿದ್ದರು. ಅತ್ತೆ ಆಗಲೇ ಆಫೀಸಿನ ಇಬ್ಬರು ಹುಡುಗಿಯರ ಜೊತೆ ಅದನ್ನು ನೋಡಿದ್ದಳಂತೆ. "ಬಂಗಾಳಿ ಅರ್ಧಕ್ಕರ್ಧ ತಿಳೀತಿತ್ತು. ಅದರೂ ಟ್ರಾಂ ಕಂಡ ಕೂಡಲೆ ನಮ್ಮ ಸಿನಿಮಾ ಅನ್ನಿಸ್ತು" ಅಂದಳು. ಚಿತ್ರ ಶುರುವಾಗುವುದೇ ಟ್ರಾಮಿನ ಮೇಲಿನ ತಂತಿಯಿಂದ.

ಕಥೆ ನರೇಂದ್ರನಾಥ ಮಿತ್ರರದ್ದು. ಸುಬ್ರತ ಬ್ಯಾಂಕಿನ ಗುಮಾಸ್ತ. ಒಂದು ಸಂಬಳದಲ್ಲಿ ಅಪ್ಪ, ಅಮ್ಮ, ಓದುವ ತಂಗಿ, ಹೆಂಡತಿ, ಮಗ ಎಲ್ಲ ಆಗಬೇಕು. ಹೆಂಡತಿ ಆರತಿ ಹೆಣಿಗೆ ಯಂತ್ರ ಮಾರುವ ಕೆಲಸಕ್ಕೆ ಸೇರುತ್ತಾಳೆ. ನಿವೃತ್ತ ಮೇಷ್ಟರಾದ ಮಾವ ಮಾತು ಬಿಡುತ್ತಾರೆ. ಮಗ ಮುನಿಸಿಕೊಳ್ಳುತ್ತಾನೆ. ಆರತಿ ಮೊದಲ ಸಂಬಳದ ಗರಿಗರಿ ನೋಟು ಹಿಡಿದು ಕನ್ನಡಿಯ ಮುಂದೆ ನಿಂತ ನೋಟವನ್ನು ಮಾಧವಿ ಮುಖರ್ಜಿಯ ಮುಖದಲ್ಲಿ ನೋಡಬೇಕು. ಕೆಲಸಕ್ಕೆ ಹೋಗೆಂದ ಗಂಡನಿಗೇ ಆಮೇಲೆ ಕಸಿವಿಸಿ. ಬಿಟ್ಟುಬಿಡು ಅನ್ನುತ್ತಾನೆ. ರಾಜೀನಾಮೆ ಪತ್ರ ಅವಳ ಚೀಲದಲ್ಲಿರುವ ದಿನವೇ ಅವನ ಬ್ಯಾಂಕು ಮುಳುಗಿ, ಫೋನು ಮಾಡಿ ಬಿಡಬೇಡ ಅನ್ನುತ್ತಾನೆ. ಅವಳು ಕೆಲಸ ಮಾಡುವುದೂ ಬಿಡುವುದೂ ಅವನ ಅನುಕೂಲಕ್ಕೆ. ಹಾಗಾದರೆ ಅವಳ ತೀರ್ಮಾನ ಎಲ್ಲಿ? ಅದು ಕೊನೆಗೆ ಬರುತ್ತದೆ. ಜೊತೆಗೆ ಕೆಲಸ ಮಾಡುವ ಆಂಗ್ಲೋ-ಇಂಡಿಯನ್ ಹುಡುಗಿ ಎಡಿತಳ ನಡತೆಯ ಮೇಲೆ ಕೆಸರೆರಚಿ ಯಜಮಾನ ಅವಳನ್ನು ತೆಗೆದುಹಾಕಿದಾಗ, ಆರತಿ ಕ್ಷಮೆ ಕೇಳಿ ಎನ್ನುತ್ತಾಳೆ. ಅವನು ಒಪ್ಪದಿದ್ದಾಗ ಅದೇ ಹಳೆಯ ರಾಜೀನಾಮೆಯನ್ನು ಮೇಜಿನ ಮೇಲಿಟ್ಟು ಹೊರಡುತ್ತಾಳೆ. ಮನೆಗೆ ಅವಳದ್ದೊಂದೇ ಸಂಬಳ ಉಳಿದಿರುವಾಗ.

ಇದಲ್ಲವೇ ಪ್ರತಿಭಟನೆ ಅಂದರೆ? ತನ್ನವಳಲ್ಲದ, ತನ್ನ ಜಾತಿ ಭಾಷೆ ಧರ್ಮ ಯಾವುದೂ ಅಲ್ಲದ ಇನ್ನೊಬ್ಬ ಹೆಣ್ಣಿಗಾಗಿ ಅನ್ನದ ತಟ್ಟೆಯನ್ನೇ ಸರಿಸುವುದು. ಕೆಳಗೆ ಬಂದು ಗಂಡನೆದುರು ನಿಂತಾಗ ಅವಳಿಗೆ ಭಯವಾಗುತ್ತದೆ, ಅಳುತ್ತಾಳೆ. ಅವನು ಬೈಯುವುದಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಇಬ್ಬರಲ್ಲಿ ಒಬ್ಬರಿಗಾದರೂ ಕೆಲಸ ಸಿಕ್ಕೀತೆಂಬ ನಂಬಿಕೆಯಲ್ಲಿ ಇಬ್ಬರೂ ಜನರ ನಡುವೆ ನಡೆದು ಮರೆಯಾಗುತ್ತಾರೆ. ಇನ್ನೊಂದು ವಿಷಯ: ನೀತಾಳ ಅಣ್ಣ ಶಂಕರ ಮತ್ತು ಆರತಿಯ ಗಂಡ ಸುಬ್ರತ, ಇಬ್ಬರೂ ಅನಿಲ್ ಚಟರ್ಜಿಯೇ. ಮೂರು ವರ್ಷದ ಅಂತರದಲ್ಲಿ ಅದೇ ಮುಖ ಒಬ್ಬಳ ದುಡಿಮೆಯಲ್ಲಿ ಹಾಡು ಕಲಿಯಿತು, ಇನ್ನೊಬ್ಬಳ ಪಕ್ಕದಲ್ಲಿ ನಡೆಯಲು ಕಲಿಯಿತು.

ನಮ್ಮ ಕನ್ನಡದ ಸಿನಿಮಾಗಳನ್ನೂ ಈ ಕಣ್ಣಿನಲ್ಲಿ ಮನಸ್ಸಿನಲ್ಲೇ ತಿರುವಿಹಾಕಿದೆ. ಪುಟ್ಟಣ್ಣ ಕಣಗಾಲರು ಹೆಣ್ಣಿನ ಸಂಕಟವನ್ನು ಕನ್ನಡಿಗರ ಮನೆಮನೆಯ ಮಾತಾಗಿಸಿದರು, ಅದರಲ್ಲಿ ಎರಡು ಮಾತಿಲ್ಲ. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ 'ಗೆಜ್ಜೆಪೂಜೆ', ತ್ರಿವೇಣಿಯವರ ಕಾದಂಬರಿಯಿಂದ 'ಶರಪಂಜರ'. ಎರಡರಲ್ಲೂ ಕಲ್ಪನಾ. 'ಶರಪಂಜರ'ದ ಕಾವೇರಿ ಬಾಣಂತಿಯಾದ ಮೇಲೆ ಮನಸ್ಸು ಕದಡಿ ಆಸ್ಪತ್ರೆ ಸೇರಿ, ಗುಣವಾಗಿ ಮನೆಗೆ ಬರುತ್ತಾಳೆ. ಗುಣವಾದದ್ದು ಅವಳೊಬ್ಬಳೇ. ಮನೆ, ನೆರೆಹೊರೆ, ಗಂಡ ಯಾರೂ ಗುಣವಾಗಿರುವುದಿಲ್ಲ. ಅಡಿಗೆಯವರಿಂದ ಹಿಡಿದು ಎಲ್ಲರ ಕಣ್ಣಿನಲ್ಲೂ ಅವಳು 'ಹುಚ್ಚಾಸ್ಪತ್ರೆಯಿಂದ ಬಂದವಳು'. ಗಂಡನಿಗೆ ಬೇರೆ ಸಂಬಂಧವಿದೆ ಎಂದು ತಿಳಿದಾಗ ಅವಳು ನಿಜಕ್ಕೂ ಕುಸಿಯುತ್ತಾಳೆ. ಎಲ್ಲರ ತಪ್ಪಿಗೂ ಅವಳ ಹುಚ್ಚೇ ಉತ್ತರ. ಗೆಜ್ಜೆಪೂಜೆಯ ಚಂದ್ರಾಳಿಗೆ ಸಾವೇ ಉತ್ತರ. ನೋಡಿದವರು ಅತ್ತು ಹಗುರಾದೆವು. ಆ ಅಳು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಟಾಕೀಸಿನಲ್ಲಿ ಕಾವೇರಿಗಾಗಿ ಅತ್ತ ನಮ್ಮೂರ ಹೆಂಗಸರೇ, ಕೇರಿಯಲ್ಲಿ ಅಂಥವಳೊಬ್ಬಳು ತವರಿಗೆ ಬಂದಾಗ ಕಿಟಕಿಯಿಂದ ಇಣುಕಿ ನೋಡುತ್ತಿದ್ದರು.

ಅಳಲು ಬಿಡದ ಚಿತ್ರ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'. 1977ರದ್ದು, ಅನಂತಮೂರ್ತಿಯವರ ಕಥೆ. ಬಾಲವಿಧವೆ ಯಮುನಾ ಗರ್ಭಿಣಿಯಾಗುತ್ತಾಳೆ. ಜೀವಂತ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡಿ, ಮಡಕೆ ಒಡೆದು, ಸತ್ತವಳ ಲೆಕ್ಕಕ್ಕೆ ಸೇರಿಸುತ್ತಾನೆ. ತಲೆ ಬೋಳಿಸಿಕೊಂಡು ಅವಳೊಬ್ಬಳೇ ಕೂತಿರುತ್ತಾಳೆ. ಅದೇ ಅಪ್ಪ ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟಿದ್ದಾನೆಂಬ ಸುದ್ದಿ ಕಡೆಯಲ್ಲಿ ಬರುತ್ತದೆ. ಕೂಗಾಟವಿಲ್ಲ, ಭಾಷಣವಿಲ್ಲ. ಪುಟ್ಟ ಹುಡುಗ ನಾಣಿಯ ಕಣ್ಣಿನಲ್ಲಿ ನಾವು ನೋಡುತ್ತೇವೆ, ಅವನನ್ನೂ ಮನೆಯವರು ಕರೆದುಕೊಂಡು ಹೋಗುತ್ತಾರೆ. ಆ ಚಿತ್ರವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಷ್ಟು ವರ್ಷದ ಮೇಲೂ ಅದು ಹಳತಾಗಿಲ್ಲ ಎಂಬುದು ಸಿನಿಮಾಕ್ಕೆ ಹೆಮ್ಮೆ, ನಮಗೆ ನಾಚಿಕೆ.

ಪ್ರೇಮಾ ಕಾರಂತರು 1983ರಲ್ಲಿ 'ಫಣಿಯಮ್ಮ' ಮಾಡಿದರು. ಬೆಂಕಿಯಲ್ಲಿ ಅರಳಿದ ಹೂವೂ ಅದೇ ವರ್ಷದ್ದು ಅನ್ನುವುದು ಆಮೇಲೆ ಹೊಳೆಯಿತು. ಹಸುಳೆ ವಯಸ್ಸಿಗೇ ವಿಧವೆಯಾಗಿ, ಜೀವಮಾನವೆಲ್ಲ ಮಡಿಯಲ್ಲಿ ಸವೆಸಿದ ಮುದುಕಿ, ಹೆರಿಗೆಯ ನೋವಿನಲ್ಲಿರುವ ದಲಿತ ಹೆಣ್ಣಿನ ಮಗು ಹಿಡಿಯಲು ಹೋಗುತ್ತಾಳೆ. ಮುಂದಿನ ತಲೆಮಾರಿನ ಎಳೆ ವಿಧವೆ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಾಗ ಅವಳ ಕಡೆ ನಿಲ್ಲುತ್ತಾಳೆ. ತನಗೆ ಸಿಗದಿದ್ದನ್ನು ಇನ್ನೊಬ್ಬಳಿಗೂ ಸಿಗಬಾರದು ಅನ್ನದೆ ಇರುವುದು ಎಷ್ಟು ಕಷ್ಟ ಅಂತ ಕೂಡುಕುಟುಂಬದಲ್ಲಿ ಬದುಕಿದವರಿಗೆ ಗೊತ್ತು. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವಿಲ್ಲಿ ಸಿಹಿ ಹಂಚಿದೆವು. ಅವರ 'ಕರಿ ನಾಗರಗಳು' ಕಥೆ 2004ರಲ್ಲೇ ಕಾಸರವಳ್ಳಿಯವರ ಕೈಯಲ್ಲಿ 'ಹಸೀನಾ' ಆಗಿತ್ತು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಹೆಂಗಸು, ನ್ಯಾಯ ಕೊಡಿ ಅಂತ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ಕೂರುತ್ತಾಳೆ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದ ಪಾತ್ರ ಅದು. ಕಣ್ಣಿಗೆ ಕಾಣುವಂತೆ ಕೂರುವುದು, ಎದ್ದು ಹೋಗದಿರುವುದು. ಅದೂ ಒಂದು ಬಗೆಯ ಎದುರು ಮಾತು.

ಮೂರನೇ ಭಾನುವಾರ ನೋಡಿದ್ದು 'ದಹನ್'. ಋತುಪರ್ಣೊ ಘೋಷ್ ಅವರ 1997ರ ಚಿತ್ರ, ಸುಚಿತ್ರಾ ಭಟ್ಟಾಚಾರ್ಯರ ಕಾದಂಬರಿ. ಅದರ ಮೂಲದಲ್ಲಿರುವುದು ತೊಂಬತ್ತರ ದಶಕದ ಆರಂಭದಲ್ಲಿ ಟಾಲಿಗಂಜ್ ಮೆಟ್ರೊ ನಿಲ್ದಾಣದ ಹತ್ತಿರ ನಿಜವಾಗಿ ನಡೆದ ಘಟನೆ. ನಮ್ಮ ಕಾಳಿಘಾಟ್ ನಿಲ್ದಾಣದಿಂದ ಅದು ಎರಡನೇ ಸ್ಟೇಷನ್ನು. ಗಂಡನ ಜೊತೆ ಬರುತ್ತಿದ್ದ ರೊಮಿತಾಳ ಮೇಲೆ ಪುಂಡರು ಕೈಮಾಡುತ್ತಾರೆ. ಜನ ನೋಡುತ್ತ ನಿಲ್ಲುತ್ತಾರೆ. ಆಟೋದಲ್ಲಿ ಬಂದ ಶಾಲಾ ಟೀಚರ್ ಝಿನುಕ್ ಇಳಿದು ಹೋರಾಡಿ ಬಿಡಿಸುತ್ತಾಳೆ. ಮರುದಿನ ಪತ್ರಿಕೆಯಲ್ಲಿ ಅವಳ ಹೊಗಳಿಕೆ, ಸನ್ಮಾನ. ನಿಜವಾದ ಸಿನಿಮಾ ಶುರುವಾಗುವುದು ಅಲ್ಲಿಂದ. ರೊಮಿತಾಳ ಅತ್ತೆಮನೆಯವರಿಗೆ ಮರ್ಯಾದೆಯ ಚಿಂತೆ, ಸಾಕ್ಷಿ ಹೇಳಬೇಡ ಅನ್ನುತ್ತಾರೆ. ಬೀದಿಯಲ್ಲಿ ಸೋತ ಗಂಡ ಮನೆಯೊಳಗೆ ಹೆಂಡತಿಯ ಮೇಲೆ ಬಲ ತೋರಿಸುತ್ತಾನೆ. ಝಿನುಕಳನ್ನು ಮದುವೆಯಾಗಬೇಕಾದ ಹುಡುಗನಿಗೆ ಕೆಲಸದ ಚಿಂತೆ. ಕೋರ್ಟಿನಲ್ಲಿ ರೊಮಿತಾ ಯಾರನ್ನೂ ಗುರುತಿಸುವುದಿಲ್ಲ, ವಕೀಲ ಝಿನುಕಳ ನಡತೆಯನ್ನೇ ಪ್ರಶ್ನೆ ಮಾಡುತ್ತಾನೆ. ಪುಂಡರು ಬಿಡುಗಡೆ. ಋತುಪರ್ಣಾ ಸೇನ್‌ಗುಪ್ತಾ, ಇಂದ್ರಾಣಿ ಹಾಲ್ದಾರ್ ಇಬ್ಬರೂ ಆ ವರ್ಷದ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡರು.

ಅದೇ 1997ರಲ್ಲಿ ಕೆಲಸದ ಜಾಗದ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ವಿಶಾಖಾ ಮಾರ್ಗಸೂಚಿ ಕೊಟ್ಟಿತು, ಅದು ಕಾಯಿದೆಯಾಗಲು 2013ರವರೆಗೆ ಕಾಯಬೇಕಾಯಿತು. ರೊಮಿತಾಳ ಮನೆಯೊಳಗಿನ ರಾತ್ರಿಗೆ ಇವತ್ತಿಗೂ ಕಾನೂನಿನಲ್ಲಿ ಅತ್ಯಾಚಾರವೆಂಬ ಹೆಸರಿಲ್ಲ. 2022ರ ಮಾರ್ಚಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಅಂಥ ಒಂದು ಪ್ರಕರಣದಲ್ಲಿ ಗಂಡನ ಮೇಲಿನ ಆರೋಪ ಕೈಬಿಡಲು ಒಪ್ಪದೆ ಸುದ್ದಿಯಾಗಿತ್ತು, ಆಮೇಲೆ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ನ್ಯಾಯಸಂಹಿತೆಯಲ್ಲೂ ಆ ವಿನಾಯಿತಿ ಹಾಗೇ ಇದೆ. ಇಂಥ ಕಥೆಗಳನ್ನು ತೆರೆಯ ಮೇಲೆ ತರುವ ಚಿತ್ರರಂಗದ ಒಳಗೇ ಹೆಣ್ಣುಮಕ್ಕಳ ಪಾಡೇನೆಂಬುದು 2024ರ ಆಗಸ್ಟಿನಲ್ಲಿ ಕೇರಳದ ಹೇಮಾ ಸಮಿತಿ ವರದಿ ಹೊರಬಿದ್ದಾಗ ಗೊತ್ತಾಯಿತು. ಅಂಥದೇ ಸಮಿತಿ ನಮ್ಮಲ್ಲೂ ಬೇಕೆಂದು ಕನ್ನಡದಲ್ಲೂ ಬೇಡಿಕೆ ಎದ್ದಿತು.

ಅದೇ ತಿಂಗಳು ಈ ಊರು ಹೊತ್ತಿ ಉರಿದದ್ದು ನಿಮಗೆಲ್ಲ ಗೊತ್ತು. ಆಗಸ್ಟ್ 9ರಂದು ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದ ಎಳೆಯ ವೈದ್ಯೆಯ ಅತ್ಯಾಚಾರ, ಕೊಲೆ. ಆಗಸ್ಟ್ 14ರ ರಾತ್ರಿ ಹೆಂಗಸರು ಬೀದಿಗಿಳಿದರು. ಅತ್ತೆ ತಾನೂ ಬರುತ್ತೇನೆಂದಳು. ರಸ್ತೆಯ ತಿರುವಿನವರೆಗೆ ನಡೆಸಿಕೊಂಡು ಹೋಗಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ಮನೆಗೆಲಸಕ್ಕೆ ಬರುವವರು, ಕಾಲೇಜಿನ ಹುಡುಗಿಯರು, ಮೀನು ಮಾರುವವಳು, ಬ್ಯಾಂಕಿನ ಮ್ಯಾನೇಜರ್ ಎಲ್ಲ ಒಟ್ಟಿಗೆ ನಿಂತಿದ್ದರು. ವಾಪಸು ಬರುವಾಗ ಅತ್ತೆ, "ಅರವತ್ತೈದರಲ್ಲಿ ಓವರ್‌ಟೈಮ್ ಮುಗಿಸಿ ಕೊನೇ ಟ್ರಾಮಿನಲ್ಲಿ ಬರ್ತಿದ್ದೆ. ಕೈಚೀಲದಲ್ಲಿ ಒಂದು ದಬ್ಬಣ ಇರ್ತಿತ್ತು. ಊರಲ್ಲಿ ಯಾರಿಗೂ ಹೇಳಿಲ್ಲ, ಹೇಳಿದ್ರೆ ಕೆಲಸ ಬಿಡಿಸಿ ಕರಕೊಂಡು ಹೋಗ್ತಿದ್ರು" ಅಂದಳು. ಅಷ್ಟು ವರ್ಷ ನಮ್ಮ ಮನೆಯ ಮನಿಯಾರ್ಡರಿನ ಜೊತೆ ಆ ದಬ್ಬಣವೂ ಇತ್ತು ಅಂತ ನನಗೆ ಆ ರಾತ್ರಿಯೇ ತಿಳಿದದ್ದು.

ಈಗ ಬಾಕಿ ಉಳಿಸಿದ ಮಾತು ಹೇಳುತ್ತೇನೆ. ಅತ್ತೆ ನಿವೃತ್ತಳಾದದ್ದು 1998ರಲ್ಲಿ. ಪಿ.ಎಫ್. ಹಣ ಬಂತು. ಇಲ್ಲೇ ಲೇಕ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆಯ ಪುಟ್ಟ ಫ್ಲಾಟು ನೋಡಿಟ್ಟಿದ್ದಳು. ಮುಂಗಡಕ್ಕೆ ಮಾತೂ ಆಗಿತ್ತಂತೆ. ಆ ವರ್ಷ ನನ್ನ ಮದುವೆ ಗೊತ್ತಾಯಿತು. ಅಡಿಕೆಗೆ ಕೊಳೆರೋಗ ಬಂದಿತ್ತು, ಅಪ್ಪನ ಕೈ ಖಾಲಿ. ಅಮ್ಮ ಕಾಗದ ಬರೆದರು. ಅಪ್ಪ ಫೋನು ಮಾಡಿದರು. ಕೊನೆಗೆ ನಾನೂ ಮಾಡಿದೆ. ಎಂ.ಎ. ಮಾಡಿದವಳು, ಘಟಶ್ರಾದ್ಧದ ಬಗ್ಗೆ ಕಾಲೇಜಿನಲ್ಲಿ ಪ್ರಬಂಧ ಬರೆದು ಬಹುಮಾನ ಪಡೆದವಳು. "ಅತ್ತೆ, ನಿನಗೊಬ್ಬಳಿಗೆ ಮನೆ ಯಾಕೆ? ನಾವೆಲ್ಲ ಇಲ್ವಾ?" ಅಂದೆ. ಅತ್ತೆ ಡ್ರಾಫ್ಟ್ ಕಳಿಸಿದಳು. ಮದುವೆ ಚೆನ್ನಾಗಾಯಿತು. ನನ್ನ ಗಂಡನ ಕೆಲಸವೂ ಇಲ್ಲೇ ಆದ್ದರಿಂದ ನಾನು ಕಲ್ಕತ್ತೆಗೆ ಬಂದೆ, ಅತ್ತೆ ನಮ್ಮ ಜೊತೆಗೇ ಇದ್ದಾಳೆ, ಚೆನ್ನಾಗಿ ನೋಡಿಕೊಂಡಿದ್ದೇವೆ ಅಂತ ನನಗೆ ನಾನೇ ಹೇಳಿಕೊಂಡು ಇಪ್ಪತ್ತೇಳು ವರ್ಷವಾಯಿತು.

ನೀತಾಳನ್ನು ನೋಡುವಾಗ ನಾವೆಲ್ಲ ನೀತಾ ಆಗಿಬಿಡುತ್ತೇವೆ. ಟಾಕೀಸಿನ ಕತ್ತಲೆಯಲ್ಲಿ ಯಾರೂ ತಾವು ಗೀತಾ ಅಂದುಕೊಳ್ಳುವುದಿಲ್ಲ. ಗೀತಾ ಕೆಟ್ಟವಳಲ್ಲ. ಅಕ್ಕನ ಮೇಲೆ ಅವಳಿಗೂ ಪ್ರೀತಿ ಇದೆ. ಅವಳಿಗೆ ಸೀರೆ ಬೇಕಿತ್ತು, ಗಂಡ ಬೇಕಿತ್ತು, ಅಕ್ಕ ಕೊಟ್ಟಳು, ಇವಳು ತಗೊಂಡಳು. ಆ ಸಿನಿಮಾದಲ್ಲಿ ಖಳನಾಯಕ ಇಲ್ಲವೇ ಇಲ್ಲ. ತಾಯಿ, ಅಣ್ಣ, ತಂಗಿ, ತಮ್ಮ ಅಷ್ಟೇ ಇದ್ದಾರೆ. ನಮ್ಮ ಮನೆಯಲ್ಲೂ ಅಷ್ಟೇ ಇದ್ದೆವು. ಹೆಣ್ಣಿನ ಶೋಷಣೆ ಅಂದ ಕೂಡಲೆ ಮೀಸೆ ತಿರುವುವ ಜಮೀನ್ದಾರನನ್ನೋ ಕುಡಿದು ಹೊಡೆಯುವ ಗಂಡನನ್ನೋ ನೆನೆಯುವುದು ಸುಲಭ. ಅವನು ನಾವಲ್ಲವಲ್ಲ.

ಮೂರನೇ ಭಾನುವಾರ ರಾತ್ರಿ ಅತ್ತೆಯ ಕೋಣೆಗೆ ಹೋಗಿ, "ಆ ಫ್ಲಾಟು ನೀನು ತಗೋಬೇಕಿತ್ತು ಅತ್ತೆ" ಅಂದೆ. ಅವಳು ಹಾಸಿಗೆ ಬಿಡಿಸುತ್ತಿದ್ದಳು.

"ಅಯ್ಯೋ, ಈಗ್ಯಾಕೆ ಅದು."

"ತಪ್ಪು ಮಾಡಿದೆ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಕೊಟ್ಟಿದ್ದಕ್ಕೆ ಬೇಜಾರಿಲ್ಲ ಕಣೆ. ಕೊಡಬೇಕಾದ್ದು ಕೊಟ್ಟೆ. ನೀವೆಲ್ಲ ದೇವರು ದೇವರು ಅಂದ್ರಿ. ಹೊಗಳೋದು ಬೇಡವಾಗಿತ್ತು, ಒಂದು ಕಾಗದದ ಮೇಲೆ ಎಲ್ಲಾದರೂ ನನ್ನ ಹೆಸರು ಇದ್ದಿದ್ರೆ ಸಾಕಿತ್ತು. ತೋಟದಲ್ಲಿಲ್ಲ, ಬಾವೀಲಿಲ್ಲ, ಈ ಮನೇಲೂ ಇಲ್ಲ." ಕೋಪದಿಂದ ಹೇಳಲಿಲ್ಲ, ದಿ ಹಿಂದೂ ಪೇಪರಿನ ಬಿಲ್ಲು ಲೆಕ್ಕ ಹಾಕುವಾಗಿನ ದನಿಯಲ್ಲೇ ಹೇಳಿದಳು. ಆಮೇಲೆ ದೀಪ ಆರಿಸು ಅಂದಳು.

ಮರುದಿನ ನಾನು ಮಗಳಿಗೆ ಫೋನು ಮಾಡಿದೆ. ಕಂತಿನ ವಿಷಯ ಅಪ್ಪ-ಅಮ್ಮ ಹೀಗೆ ಅಂದುಕೊಂಡಿದ್ದೆವು ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ನಿನಗೆ ಇಷ್ಟವಿದ್ದರೆ ಕಟ್ಟು, ಕಟ್ಟುವುದಾದರೆ ಪತ್ರದಲ್ಲಿ ನಿನ್ನ ಹೆಸರು ಸೇರಬೇಕು, ಬೇಡವಾದರೆ ಬೇಡ, ಇದಕ್ಕಾಗಿ ನಿನ್ನ ಮೇಲಿನ ಪ್ರೀತಿ ಹೆಚ್ಚೂ ಆಗುವುದಿಲ್ಲ ಕಮ್ಮಿಯೂ ಆಗುವುದಿಲ್ಲ ಅಂದೆ. ಅವಳು ಯೋಚಿಸಿ ಹೇಳುತ್ತೇನೆ ಅಂದಳು. ಇನ್ನೂ ಹೇಳಿಲ್ಲ. ಕಾಯುವುದು ಸ್ವಲ್ಪ ಕಷ್ಟವೇ ಆಗಿದೆ, ಸುಳ್ಳು ಯಾಕೆ ಹೇಳಲಿ. ಊರಿನ ತಮ್ಮನಿಗೂ ಫೋನು ಮಾಡಿ ತೋಟದ ವಿಷಯ ಎತ್ತಿದೆ. ಅವನು, "ಈ ವಯಸ್ಸಿನಲ್ಲಿ ಅತ್ತೆಗ್ಯಾಕೆ ಅಕ್ಕಾ ತೋಟ?" ಅಂದ. ನಾನು 1998ರಲ್ಲಿ ಆಡಿದ ಮಾತೇ. ಅವನಿಗೆ ಬೈಯಲು ಬಾಯಿ ಬರಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಕೂತು ಮಾತಾಡೋಣ ಅಂದಿದ್ದೇನೆ.

ನಿಮ್ಮಲ್ಲಿ ಹಲವರ ಮನೆಯಲ್ಲೂ ಇಂಥ ಒಬ್ಬಳು ಅತ್ತೆ, ದೊಡ್ಡಮ್ಮ, ಅಕ್ಕ ಇರುತ್ತಾಳೆ. ಮುಂಬಯಿಗೋ ಮದ್ರಾಸಿಗೋ ಗಲ್ಫಿಗೋ ಹೋಗಿ ದುಡಿದು ಕಳಿಸಿದವಳು. ಈ ತಿಂಗಳು ಸಾಧ್ಯವಾದರೆ ಅವಳ ಜೊತೆ ಕೂತು 'ಮಹಾನಗರ್' ನೋಡಿ. ಮೊದಲು ಕಾಫಿ ನೀವೇ ಮಾಡಿಕೊಡಿ. ನಾನು ಈಗ ಮಾರ್ಕೆಟ್ಟಿಗೆ ಹೊರಟೆ. ಅತ್ತೆಗೆ ಇವತ್ತು ಹೊಸ ಚಪ್ಪಲಿ ಬೇಕಂತೆ, ಮೆತ್ತನೆಯದು, ಪಟ್ಟಿ ಗಟ್ಟಿ ಇರುವಂಥದ್ದು.